ಕೊಂಡಿ ಇದೆ, ಕಡತ ತೆರೆಯದು: ದಾಖಲೆಗಳ ಗಣಕಯಂತ್ರದಲ್ಲಿ ಅನುಮತಿ ದೋಷದ ಪತ್ತೆ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಲೇಖನ)

ಗ್ರಾಮ ಪಂಚಾಯತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅವಗಾಹನೆಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ. ಲಿನಕ್ಸ್ ಮೊದಲಾದ ಯುನಿಕ್ಸ್ ಮಾದರಿಯ ವ್ಯವಸ್ಥೆಯುಳ್ಳ ಗಣಕಯಂತ್ರಗಳಲ್ಲಿ ದಾಖಲೆಗಳನ್ನು ಇರಿಸಿಕೊಂಡಿರುವ ಕಚೇರಿಗಳಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಇದು ಡಾಟಾ ಎಂಟ್ರಿ ಆಪರೇಟರ್ ನೋಡಿಕೊಳ್ಳಬೇಕಾದ ಕೆಲಸ, ಚುನಾಯಿತ ಸದಸ್ಯರಿಗೆ ಇದರ ಗೊಡವೆ ಏಕೆ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ "ಕಡತ ತೆರೆಯುತ್ತಿಲ್ಲ, ನಾಳೆ ಬನ್ನಿ" ಎಂಬ ಉತ್ತರ ಪಡೆದ ಅರ್ಜಿದಾರರು ಮೊದಲು ಬಂದು ಹೇಳಿಕೊಳ್ಳುವುದು ತಮ್ಮ ವಾರ್ಡಿನ ಸದಸ್ಯರ ಬಳಿ. "ಎಲ್ಲವನ್ನೂ ಎಲ್ಲರಿಗೂ ತೆರೆದುಬಿಡಿ, ಕೆಲಸ ಮುಂದೆ ಸಾಗಲಿ" ಎಂದು ಅವಸರದಲ್ಲಿ ಹೇಳುವವರೂ ಅನೇಕ ವೇಳೆ ಸದಸ್ಯರೇ. ಈ ಎರಡನೆಯ ಮಾತಿನಿಂದ ಏನಾಗಬಹುದು ಎಂಬುದಕ್ಕೆ ಒಂದು ಪ್ರಸಂಗವನ್ನು ಮೊದಲು ಹೇಳುವುದು ಉಚಿತ.

ಮೂರು ದಿನ ತೆರೆಯದ ನಡವಳಿ

ತರಬೇತಿಯ ನಿಮಿತ್ತ ಈ ಲೇಖಕನು ಭೇಟಿ ನೀಡಿದ್ದ ಒಂದು ಗ್ರಾಮ ಪಂಚಾಯತಿ ಕಚೇರಿಯಲ್ಲಿ ಒಂದೇ ಗಣಕಯಂತ್ರದ ಮೇಲೆ ಎರಡು ಬಳಕೆದಾರ ಖಾತೆಗಳಿದ್ದವು. "ಕಚೇರಿ" ಎಂಬುದು ಸಿಬ್ಬಂದಿಯ ಕೆಲಸಕ್ಕೆ. "ವೀಕ್ಷಣೆ" ಎಂಬುದು ಸದಸ್ಯರೂ ಗ್ರಾಮಸ್ಥರೂ ಗ್ರಾಮಸಭೆಯ ನಡವಳಿಗಳನ್ನು ಹಾಗೂ ಫಲಾನುಭವಿಗಳ ಪಟ್ಟಿಗಳನ್ನು ನೋಡಿಕೊಳ್ಳಲು. ನಡವಳಿಯ ಕಡತಗಳು ಕಚೇರಿ ಖಾತೆಯ ಸ್ವಂತ ಕಡತಕೋಶದೊಳಗೆ ಇದ್ದವು. ವೀಕ್ಷಣೆ ಖಾತೆಯ ಪರದೆಯ ಮೇಲೆ ಅವುಗಳತ್ತ ತೋರುವ ಒಂದು ಸಾಂಕೇತಿಕ ಕೊಂಡಿ ಮಾತ್ರ ಇತ್ತು. ಯಾರಾದರೂ ಅದನ್ನು ಒತ್ತಿದರೆ ನಡವಳಿಗಳು ತೆರೆದುಕೊಳ್ಳುತ್ತಿದ್ದವು. ಎರಡು ವರ್ಷ ಈ ಏರ್ಪಾಡು ಯಾವ ತೊಂದರೆಯೂ ಇಲ್ಲದೆ ನಡೆಯಿತು.

ಹಳೆಯ ಗಣಕಯಂತ್ರ ಕೆಟ್ಟು ಹೊಸದು ಬಂದಿತು. ಹಳೆಯದರಲ್ಲಿ ಉಬುಂಟು 20.04 ಇತ್ತು, ಹೊಸದರಲ್ಲಿ ಉಬುಂಟು 22.04. ಅದೇ ಹೆಸರಿನ ಖಾತೆಗಳನ್ನು ಹೊಸದಾಗಿ ತೆರೆದು, ಕಡತಗಳನ್ನು ನಕಲಿಸಿ, ಕೊಂಡಿಯನ್ನು ಮತ್ತೆ ರಚಿಸಲಾಯಿತು. ಕಚೇರಿ ಖಾತೆಯಿಂದ ನೋಡಿದಾಗ ಎಲ್ಲವೂ ಸರಿಯಾಗಿತ್ತು.

ಆ ವಾರ ಒಬ್ಬ ವೃದ್ಧೆ ಬಂದರು. ವಸತಿ ಯೋಜನೆಯ ಪಟ್ಟಿಗೆ ಗ್ರಾಮಸಭೆಯಲ್ಲಿ ತಮ್ಮ ಹೆಸರು ಆಯ್ಕೆಯಾಗಿತ್ತು ಎಂಬುದಕ್ಕೆ ನಡವಳಿಯ ದೃಢೀಕೃತ ನಕಲು ಅವರಿಗೆ ಬೇಕಾಗಿತ್ತು. ಆಪರೇಟರ್ ರಜೆಯಲ್ಲಿದ್ದರು, ಕರವಸೂಲಿಗಾರರಿಗೆ ವೀಕ್ಷಣೆ ಖಾತೆಯ ಗುಪ್ತಪದ ಮಾತ್ರ ಗೊತ್ತಿತ್ತು. ಕೊಂಡಿಯನ್ನು ಒತ್ತಿದಾಗ ಪರದೆಯ ಮೇಲೆ "ಅನುಮತಿ ನಿರಾಕರಿಸಲಾಗಿದೆ" ಎಂಬ ಅರ್ಥದ ಆಂಗ್ಲ ವಾಕ್ಯ ಬಂದಿತು. ಆಕೆ ಮೂರು ದಿನ ಬಂದರು, ಮೂರು ದಿನವೂ ಹಿಂದಿರುಗಿದರು. ಬಸ್ಸಿನ ಖರ್ಚು, ಕೂಲಿಯ ನಷ್ಟ ಎರಡೂ ಅವರದೇ.

ನಾಲ್ಕನೆಯ ದಿನ ಆಪರೇಟರ್ ಬಂದು ಪರಿಶೀಲಿಸಿದರು. ಕೊಂಡಿಯ ಅನುಮತಿ ಸಾಲಿನಲ್ಲಿ ಎಲ್ಲರಿಗೂ ಎಲ್ಲ ಅಧಿಕಾರ ಇದೆ ಎಂದೇ ತೋರುತ್ತಿತ್ತು. ಅವರಿಗೆ ಗೊಂದಲವಾಯಿತು. ಹತ್ತಿರ ನಿಂತಿದ್ದವರು ಅವಸರಪಡಿಸಿದರು. ಆಡಳಿತಾಧಿಕಾರವನ್ನು ಬಳಸಿ, ಆ ಕೊಂಡಿಯ ಮೇಲೆಯೇ "777" ಎಂಬ ಅನುಮತಿಯನ್ನು ಒಳಗಿನ ಸಮಸ್ತ ಕಡತಗಳಿಗೂ ಅನ್ವಯಿಸುವಂತೆ ಆದೇಶ ನೀಡಿದರು. 777 ಎಂದರೆ ಎಲ್ಲರೂ ಓದಬಹುದು, ಎಲ್ಲರೂ ತಿದ್ದಬಹುದು, ಎಲ್ಲರೂ ಅಳಿಸಬಹುದು. ಆಶ್ಚರ್ಯವೆಂದರೆ ಆ ಬಳಿಕವೂ ವೀಕ್ಷಣೆ ಖಾತೆಗೆ ಕಡತ ತೆರೆಯಲಿಲ್ಲ. ಆಗ ಕಚೇರಿ ಖಾತೆಯ ಇಡೀ ಕಡತಕೋಶಕ್ಕೂ 777 ಕೊಡಲಾಯಿತು. ಕಡತ ತೆರೆಯಿತು. ಎಲ್ಲರೂ ಸಮಾಧಾನದಿಂದ ಊಟಕ್ಕೆ ಹೋದರು.

ಈ ಇಡೀ ಪ್ರಕರಣದಲ್ಲಿ ದೋಷ ಇದ್ದದ್ದು ಒಂದೇ ಒಂದು ಕಡತಕೋಶದಲ್ಲಿ, ಅದೂ ಒಂದೇ ಒಂದು ಅಂಕಿಯಲ್ಲಿ. ಅದು ಏಕೆ ಕಾಣಲಿಲ್ಲ ಎಂಬುದೇ ಈ ಲೇಖನದ ವಿಷಯ.

ಕೊಂಡಿ ಎಂಬುದು ಒಂದು ಚೀಟಿ

ಸದಸ್ಯರೆಲ್ಲರೂ ಕಚೇರಿಯ ಕಡತ ವಹಿಯನ್ನು ನೋಡಿಯೇ ಇರುತ್ತಾರೆ. ಒಂದು ಕಡತದ ಜಾಗದಲ್ಲಿ ಕೆಲವೊಮ್ಮೆ ಕಡತದ ಬದಲು ಒಂದು ಚೀಟಿ ಇರುತ್ತದೆ: "ಈ ಕಡತವು ದಾಖಲೆ ಕೊಠಡಿಯ ಮೂರನೆಯ ಬೀರುವಿನಲ್ಲಿದೆ." ಚೀಟಿಯನ್ನು ಯಾರು ಬೇಕಾದರೂ ಓದಬಹುದು. ಆದರೆ ಚೀಟಿ ಓದಿದ ಮಾತ್ರಕ್ಕೆ ದಾಖಲೆ ಕೊಠಡಿಯ ಬೀಗದ ಕೈ ದೊರೆಯುವುದಿಲ್ಲ. ಸಾಂಕೇತಿಕ ಕೊಂಡಿ, ಅಂದರೆ ಸಿಂಬಾಲಿಕ್ ಲಿಂಕ್, ಇಂತಹ ಚೀಟಿಯೇ. ಅದರೊಳಗೆ ಇರುವುದು ಮತ್ತೊಂದು ಕಡತದ ವಿಳಾಸ ಮಾತ್ರ.

ಯುನಿಕ್ಸ್ ವ್ಯವಸ್ಥೆಯನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಆರಂಭಿಸಿದರು. ಒಂದೇ ಯಂತ್ರವನ್ನು ಅನೇಕರು ಹಂಚಿಕೊಳ್ಳುತ್ತಿದ್ದ ಕಾಲ ಅದು; ಆದ್ದರಿಂದ ಯಾರ ಕಡತವನ್ನು ಯಾರು ಮುಟ್ಟಬಹುದು ಎಂಬ ನಿಯಮ ಅದರ ತಳಹದಿಯಲ್ಲಿಯೇ ಸೇರಿಕೊಂಡಿತು. ಬರ್ಕ್ಲಿ ವಿಶ್ವವಿದ್ಯಾಲಯವು 1983ರಲ್ಲಿ ಹೊರತಂದ ಯುನಿಕ್ಸ್ ಆವೃತ್ತಿಯಲ್ಲಿ ಸಾಂಕೇತಿಕ ಕೊಂಡಿಗಳು ಸೇರಿದವು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಈ ಪದ್ಧತಿಯನ್ನೇ ಅನುಸರಿಸಿತು. ಇಂದು ನಾವು ಎದುರಿಸುವ ದೋಷಗಳೂ ಈ ಹಳೆಯ ನಿಯಮಗಳಿಂದಲೇ ಹುಟ್ಟುವಂಥವು, ಮತ್ತು ಅವು ನಿಯಮಬದ್ಧವಾಗಿಯೇ ಇರುತ್ತವೆ.

ಪ್ರತಿ ಕಡತಕ್ಕೂ ಒಬ್ಬ ಮಾಲೀಕ, ಒಂದು ಗುಂಪು ಇರುತ್ತದೆ, ಉಳಿದವರು "ಇತರರು". ಮೂವರಿಗೂ ಪ್ರತ್ಯೇಕವಾಗಿ ಮೂರು ಅನುಮತಿಗಳು: ಓದುವುದು, ಬರೆಯುವುದು, ಚಲಾಯಿಸುವುದು. ಓದುವುದಕ್ಕೆ 4, ಬರೆಯುವುದಕ್ಕೆ 2, ಚಲಾಯಿಸುವುದಕ್ಕೆ 1 ಎಂದು ಎಣಿಸಿ ಕೂಡಿದರೆ ಒಂದು ಅಂಕಿ ಬರುತ್ತದೆ. 750 ಎಂದಾಗ ಮಾಲೀಕನಿಗೆ ಮೂರೂ ಅನುಮತಿ, ಗುಂಪಿಗೆ ಓದುವ ಮತ್ತು ಚಲಾಯಿಸುವ ಅನುಮತಿ, ಇತರರಿಗೆ ಏನೂ ಇಲ್ಲ.

ಕಡತಕೋಶದ ವಿಷಯದಲ್ಲಿ, ಅಂದರೆ ಫೋಲ್ಡರಿನ ವಿಷಯದಲ್ಲಿ, ಈ ಮೂರು ಅನುಮತಿಗಳಿಗೆ ಬೇರೆ ಅರ್ಥವಿದೆ. ಇಲ್ಲಿ ಅನೇಕರು ಎಡವುತ್ತಾರೆ. ಕಡತಕೋಶವನ್ನು "ಓದುವುದು" ಎಂದರೆ ಅದರಲ್ಲಿರುವ ಹೆಸರುಗಳ ಪಟ್ಟಿಯನ್ನು ನೋಡುವುದು. "ಬರೆಯುವುದು" ಎಂದರೆ ಅದರೊಳಗೆ ಹೊಸ ಕಡತ ಸೇರಿಸುವುದು, ಇರುವುದನ್ನು ತೆಗೆಯುವುದು. "ಚಲಾಯಿಸುವುದು" ಎಂದರೆ ಆ ಕೋಶವನ್ನು ಹಾದು ಒಳಕ್ಕೆ ಹೋಗುವುದು. ಕೊಠಡಿಯ ಗೋಡೆಗೆ ತೂಗುಹಾಕಿದ ಪಟ್ಟಿಯನ್ನು ಓದುವ ಹಕ್ಕು ಬೇರೆ, ಆ ಕೊಠಡಿಯನ್ನು ದಾಟಿ ಒಳಕೋಣೆಗೆ ಹೋಗುವ ಹಕ್ಕು ಬೇರೆ. ಒಂದು ಇದ್ದು ಇನ್ನೊಂದು ಇಲ್ಲದಿರಬಹುದು.

ಲಿನಕ್ಸ್‌ನಲ್ಲಿ ಸಾಂಕೇತಿಕ ಕೊಂಡಿಯ ಅನುಮತಿ ಸಾಲು ಯಾವಾಗಲೂ 777 ಎಂದೇ ತೋರುತ್ತದೆ. ಅದಕ್ಕೆ ಅರ್ಥವೇ ಇಲ್ಲ. ಕಡತ ತೆರೆಯುವಾಗ ವ್ಯವಸ್ಥೆಯು ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಅನುಮತಿಯನ್ನು ನಿರ್ಧರಿಸುವುದು ಎರಡು ಸಂಗತಿಗಳು: ಕೊಂಡಿ ತೋರುವ ಮೂಲ ಕಡತದ ಅನುಮತಿ, ಮತ್ತು ಆ ಕಡತದವರೆಗಿನ ದಾರಿಯಲ್ಲಿ ಬರುವ ಪ್ರತಿಯೊಂದು ಕಡತಕೋಶವನ್ನು ಹಾದುಹೋಗುವ ಅನುಮತಿ. ಕೊಂಡಿ ಇರುವ ಕಡತಕೋಶದವರೆಗಿನ ದಾರಿಯೂ ಇದರಲ್ಲಿ ಸೇರುತ್ತದೆ. ದಾರಿಯಲ್ಲಿ ಒಂದೇ ಒಂದು ಬಾಗಿಲು ಮುಚ್ಚಿದ್ದರೂ ನಿರಾಕರಣೆ ಖಚಿತ; ಆದರೆ ಯಾವ ಬಾಗಿಲು ಎಂಬುದನ್ನು ದೋಷದ ಸಂದೇಶ ಹೇಳುವುದಿಲ್ಲ. ಆಪರೇಟರರ ಗೊಂದಲಕ್ಕೆ ಕಾರಣ ಇದೇ.

ದಾರಿಯನ್ನು ನಡೆದು ನೋಡುವುದು

ಈ ಲೇಖನದಲ್ಲಿ ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಮುದ್ರಿಸಲಾಗಿದೆ. ಯಂತ್ರದಲ್ಲಿ ಆಯಾ ಆಂಗ್ಲ ಅಕ್ಷರಗಳನ್ನೇ ಬಳಸತಕ್ಕದ್ದು. ಬೇರೆ ಸೂಚನೆ ಇಲ್ಲದಿದ್ದಲ್ಲಿ ಎಲ್ಲವೂ ಸಣ್ಣ ಅಕ್ಷರಗಳು.

"ಎಲ್‌ಎಸ್ -ಎಲ್" ಎಂಬ ಆದೇಶ ಕೊಂಡಿಯನ್ನು ತೋರಿಸುತ್ತದೆ. ಸಾಲಿನ ಮೊದಲ ಅಕ್ಷರ "ಎಲ್" ಆಗಿದ್ದರೆ ಅದು ಕೊಂಡಿ, "ಡಿ" ಆಗಿದ್ದರೆ ಕಡತಕೋಶ, ಅಡ್ಡಗೆರೆ ಆಗಿದ್ದರೆ ಸಾಮಾನ್ಯ ಕಡತ. ಸಾಲಿನ ಕೊನೆಯಲ್ಲಿ ಬಾಣದ ಗುರುತಿನ ಮುಂದೆ ಕೊಂಡಿ ತೋರುವ ವಿಳಾಸ ಇರುತ್ತದೆ. ಕೊಂಡಿಯ ಮೇಲೆ ಕೊಂಡಿ ಇದ್ದರೆ ಕೊಟ್ಟಕೊನೆಯ ವಿಳಾಸವನ್ನು "ರೀಡ್‌ಲಿಂಕ್ -ಎಫ್" ತಿಳಿಸುತ್ತದೆ.

ಎಲ್ಲಕ್ಕಿಂತ ಉಪಯುಕ್ತವಾದದ್ದು ಎನ್, ಎ, ಎಂ, ಇ, ಐ ಎಂಬ ಐದು ಅಕ್ಷರಗಳ "ನೇಮ್‌ಐ" ಆದೇಶ. ಅದರ ಮುಂದೆ "-ಎಲ್" ಎಂದು ಬರೆದು ಕೊಂಡಿಯ ಪೂರ್ಣ ವಿಳಾಸವನ್ನು ಕೊಟ್ಟರೆ, ದಾರಿಯುದ್ದಕ್ಕೂ ಬರುವ ಪ್ರತಿಯೊಂದು ಕೋಶವನ್ನು, ಅದರ ಮಾಲೀಕನನ್ನು, ಅನುಮತಿಯನ್ನು ಸಾಲುಸಾಲಾಗಿ ತೋರಿಸುತ್ತದೆ. ಮೇಲಿನ ಕಚೇರಿಯಲ್ಲಿ 777 ಕೊಡುವ ಮೊದಲೇ ಇದನ್ನು ಚಲಾಯಿಸಿದ್ದರೆ ಮೂಲ ಕಡತಗಳತ್ತ ಹೋಗುವ ದಾರಿ ಅಂಕಿಗಳಲ್ಲಿ ಹೀಗೆ ಇರುತ್ತಿತ್ತು:

/ : 755
/ಹೋಮ್ : 755
/ಹೋಮ್/ಕಚೇರಿ : 750
/ಹೋಮ್/ಕಚೇರಿ/ನಡವಳಿ : 755

ಮೂರನೆಯ ಸಾಲಿನ ಕೊನೆಯ ಸೊನ್ನೆಯೇ ಮುಚ್ಚಿದ ಬಾಗಿಲು. ವೀಕ್ಷಣೆ ಖಾತೆ ಅಲ್ಲಿ "ಇತರರ" ಪೈಕಿ. ಅದಕ್ಕೆ ಕಚೇರಿ ಎಂಬ ಕೋಶವನ್ನು ಹಾದುಹೋಗುವ ಹಕ್ಕಿಲ್ಲ. ಒಳಗಿನ ನಡವಳಿ ಕೋಶಕ್ಕೆ 755 ಇದ್ದರೇನು, 777 ಇದ್ದರೇನು? ಹೊರಬಾಗಿಲಿಗೆ ಬೀಗ ಹಾಕಿ ಒಳಗಿನ ಬೀರುಗಳನ್ನೆಲ್ಲ ಹಾರುಹೊಡೆದಂತೆ.

ಹಾಗಾದರೆ ಹಳೆಯ ಯಂತ್ರದಲ್ಲಿ ಎರಡು ವರ್ಷ ಹೇಗೆ ನಡೆಯಿತು? 2021ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಉಬುಂಟು 21.04ರಿಂದ ಮೊದಲ್ಗೊಂಡು ಹೊಸದಾಗಿ ತೆರೆಯುವ ಬಳಕೆದಾರ ಖಾತೆಗಳ ಸ್ವಂತ ಕಡತಕೋಶಕ್ಕೆ 750 ಅನುಮತಿಯನ್ನು ನೀಡಲಾಗುತ್ತಿದೆ. ಅದಕ್ಕೂ ಮೊದಲು 755 ಇರುತ್ತಿತ್ತು. ಒಬ್ಬರ ಕೋಶದೊಳಕ್ಕೆ ಇನ್ನೊಬ್ಬರು ಹಣಕಿ ನೋಡಬಹುದಾಗಿತ್ತು. ಖಾಸಗಿತನದ ದೃಷ್ಟಿಯಿಂದ ಈ ಬದಲಾವಣೆ ಸರಿಯಾದದ್ದೇ. ಆದರೆ ಹಳೆಯ ಸಡಿಲಿಕೆಯನ್ನು ನಂಬಿ ಹಾಕಿಕೊಂಡಿದ್ದ ಕೊಂಡಿಗಳು ಹೊಸ ಯಂತ್ರಕ್ಕೆ ಬಂದೊಡನೆ ನಿಂತುಹೋಗುತ್ತವೆ. ಯಂತ್ರ ಬದಲಾಯಿಸಿದ ಕಚೇರಿಗಳು ಇದನ್ನು ವಿಶೇಷವಾಗಿ ಗಮನಿಸುವುದು.

ಪರೀಕ್ಷಿಸುವ ಕ್ರಮದಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. ಆಪರೇಟರ್ ಆಡಳಿತಾಧಿಕಾರದಿಂದ ಅಥವಾ ಕಚೇರಿ ಖಾತೆಯಿಂದ ತೆರೆದು ನೋಡಿ "ನನಗೆ ತೆರೆಯುತ್ತದೆಯಲ್ಲ" ಎನ್ನುವುದರಿಂದ ಏನೂ ಸಿದ್ಧವಾಗುವುದಿಲ್ಲ. ಮುಖ್ಯ ಆಡಳಿತಗಾರನ ಖಾತೆಗೆ ಈ ಬಾಗಿಲುಗಳು ಸಾಮಾನ್ಯವಾಗಿ ಅನ್ವಯಿಸುವುದೇ ಇಲ್ಲ. ಯಾರಿಗೆ ತೊಂದರೆಯಾಗಿದೆಯೋ ಆ ಖಾತೆಯಿಂದಲೇ ಪರೀಕ್ಷೆ ಆಗಬೇಕು. "ಸುಡೂ -ಯು" ಎಂದು ಬರೆದು ಆ ಖಾತೆಯ ಹೆಸರನ್ನೂ ಮುಂದೆ ಬೇಕಾದ ಆದೇಶವನ್ನೂ ಕೊಟ್ಟರೆ, ಖಾತೆ ಬದಲಾಯಿಸದೆಯೇ ಆ ಬಳಕೆದಾರನ ಕಣ್ಣಿನಿಂದ ನೋಡಬಹುದು.

ಒಂದೇ ಕೊಂಡಿ, ಬೇರೆ ಬೇರೆ ಸಂದೇಶ

ಪರದೆಯ ಮೇಲಿನ ವಾಕ್ಯವನ್ನು ಅಕ್ಷರಶಃ ಬರೆದುಕೊಳ್ಳುವ ಅಭ್ಯಾಸ ನಮ್ಮ ಕಚೇರಿಗಳಲ್ಲಿ ಇಲ್ಲ. "ಏನೋ ಎರರ್ ಬರುತ್ತಿದೆ" ಎಂಬಲ್ಲಿಗೆ ವರದಿ ಮುಗಿಯುತ್ತದೆ. "ಅನುಮತಿ ನಿರಾಕರಿಸಲಾಗಿದೆ" ಎಂಬುದೂ "ಅಂತಹ ಕಡತ ಅಥವಾ ಕೋಶ ಇಲ್ಲ" ಎಂಬುದೂ ಒಂದೇ ಅಲ್ಲ. ಮೊದಲನೆಯದು ಬಾಗಿಲು ಮುಚ್ಚಿರುವುದನ್ನು ಸೂಚಿಸಿದರೆ ಎರಡನೆಯದು ಚೀಟಿಯಲ್ಲಿ ಬರೆದ ವಿಳಾಸದಲ್ಲಿ ಏನೂ ಇಲ್ಲವೆಂಬುದನ್ನು ಸೂಚಿಸುತ್ತದೆ. ಎರಡನೆಯದಕ್ಕೆ ಎಷ್ಟು ಅನುಮತಿ ಕೊಟ್ಟರೂ ಪ್ರಯೋಜನವಿಲ್ಲ. ಮೂಲ ಕಡತದ ಹೆಸರು ಬದಲಾದರೆ, ಕಡತವನ್ನು ಬೇರೆಡೆಗೆ ಸಾಗಿಸಿದರೆ ಕೊಂಡಿ ತಾನಾಗಿ ತಿದ್ದಿಕೊಳ್ಳುವುದಿಲ್ಲ. ಹಳೆಯ ವಿಳಾಸವನ್ನೇ ತೋರುತ್ತಾ ಕೂರುತ್ತದೆ. "ಪಕ್ಕದ ಕೋಶದಲ್ಲಿದೆ" ಎಂಬಂತೆ ಅರೆ ವಿಳಾಸ ಬರೆದ ಕೊಂಡಿಯಾದರೆ ಇನ್ನೂ ಒಂದು ತೊಡಕು. ಆ ವಿಳಾಸವನ್ನು ಕೊಂಡಿ ಇರುವ ಜಾಗದಿಂದ ಎಣಿಸಲಾಗುತ್ತದೆಯೇ ಹೊರತು ನಾವು ಕುಳಿತಿರುವ ಜಾಗದಿಂದ ಅಲ್ಲ. ಕೊಂಡಿಯನ್ನೇ ಬೇರೆ ಕಡೆಗೆ ಸರಿಸಿದರೆ "ಪಕ್ಕದ ಕೋಶ" ಎಂಬುದರ ಅರ್ಥವೂ ಬದಲಾಗುತ್ತದೆ. ಆದುದರಿಂದ ಕಚೇರಿಯ ಉಪಯೋಗಕ್ಕೆ ಓರೆಗೆರೆಯಿಂದ ಆರಂಭವಾಗುವ ಪೂರ್ಣ ವಿಳಾಸವೇ ಲೇಸು.

ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ದಾಖಲೆಗಳನ್ನಿಟ್ಟು ಕೊಂಡಿ ಹಾಕಿರುವ ಕಚೇರಿಗಳಲ್ಲಿ ಈ ಎರಡೂ ಸಂದೇಶಗಳು ದಿನ ಬಿಟ್ಟು ದಿನ ಬರುವುದುಂಟು, ಮತ್ತು ಸಿಬ್ಬಂದಿ ಯಂತ್ರಕ್ಕೆ ಏನೋ ಆಗಿದೆ ಎಂದೇ ನಂಬಿಬಿಡುತ್ತಾರೆ. ಕಾರಣ ಸರಳ. ಉಬುಂಟುವಿನಲ್ಲಿ ಡಿಸ್ಕನ್ನು ಚುಚ್ಚಿದಾಗ ಅದು "/ಮೀಡಿಯಾ" ಎಂಬ ಕೋಶದೊಳಗೆ, ಆ ಹೊತ್ತಿನಲ್ಲಿ ಯಂತ್ರ ಬಳಸುತ್ತಿರುವ ಖಾತೆಯ ಹೆಸರಿನ ಉಪಕೋಶದಲ್ಲಿ ತೆರೆದುಕೊಳ್ಳುತ್ತದೆ. ಆ ಉಪಕೋಶಕ್ಕೆ ಪ್ರವೇಶ ಇರುವುದು ಆ ಖಾತೆಗೆ ಮಾತ್ರ. ಡಿಸ್ಕ್ ಜೋಡಿಸದ ದಿನ ಕೊಂಡಿಯನ್ನು ಒತ್ತಿದರೆ "ಅಂತಹ ಕಡತ ಇಲ್ಲ". ಕಚೇರಿ ಖಾತೆಯವರು ಜೋಡಿಸಿದ್ದ ದಿನ ವೀಕ್ಷಣೆ ಖಾತೆಯಿಂದ ಒತ್ತಿದರೆ "ಅನುಮತಿ ನಿರಾಕರಿಸಲಾಗಿದೆ". ಆ ಉಪಕೋಶದ ಅನುಮತಿ ಸಾಲಿನ ಕೊನೆಯಲ್ಲಿ ಒಂದು ಕೂಡಿಸುವ ಚಿಹ್ನೆ ಇರುತ್ತದೆ. ಒಂಬತ್ತು ಅಕ್ಷರಗಳ ಹೊರತಾಗಿ ನಿರ್ದಿಷ್ಟ ಖಾತೆಗಳಿಗೆ ಪ್ರತ್ಯೇಕ ಅನುಮತಿ ಪಟ್ಟಿ ಇದೆ ಎಂಬುದಕ್ಕೆ ಅದು ಗುರುತು. "ಗೆಟ್‌ಎಫ್‌ಎಸಿಎಲ್" ಎಂಬ ಆದೇಶದಿಂದ ಆ ಪಟ್ಟಿಯನ್ನು ಓದಬಹುದು. ನಿತ್ಯ ಬಳಸುವ ದಾಖಲೆಗಳ ಡಿಸ್ಕನ್ನು ಯಂತ್ರ ಆರಂಭವಾಗುವಾಗಲೇ ಒಂದು ಸ್ಥಿರ ಜಾಗದಲ್ಲಿ ಜೋಡಣೆಯಾಗುವಂತೆ ಏರ್ಪಡಿಸುವುದೇ ಇದಕ್ಕೆ ಪರಿಹಾರ.

ಪೆನ್ ಡ್ರೈವ್‌ಗಳ ಮಾತೇ ಬೇರೆ. ಅವುಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ಎಂಬ ಹಳೆಯ ವಿನ್ಯಾಸಕ್ಕೆ ಯುನಿಕ್ಸ್‌ನ ಮಾಲೀಕ, ಗುಂಪು, ಅನುಮತಿ ಯಾವುದೂ ತಿಳಿಯದು. ಸಾಂಕೇತಿಕ ಕೊಂಡಿಯನ್ನು ಅದರ ಮೇಲೆ ರಚಿಸಲೂ ಆಗದು. ಕೊಂಡಿಯನ್ನು ನಕಲಿಸಲು ಹೋದರೆ "ಈ ಕ್ರಿಯೆಗೆ ಅನುಮತಿ ಇಲ್ಲ" ಎಂಬ ಸಂದೇಶ ಬರುತ್ತದೆ. ಅದನ್ನು ಕಂಡು ಅನುಮತಿ ಬದಲಾಯಿಸಲು ಹೊರಡುವುದು ವ್ಯರ್ಥ. ಇದಕ್ಕಿಂತ ಅಪಾಯಕಾರಿ ಸಂಗತಿ ಇನ್ನೊಂದಿದೆ, ಮತ್ತು ಸದಸ್ಯರು ಇದನ್ನು ಅವಶ್ಯವಾಗಿ ವಿಚಾರಿಸಬೇಕು. ಬ್ಯಾಕಪ್ ತೆಗೆದುಕೊಳ್ಳುವ "ಟಾರ್" ಮುಂತಾದ ಆದೇಶಗಳು ಬೇರೆ ಸೂಚನೆ ಕೊಡದಿದ್ದರೆ ಕೊಂಡಿಯನ್ನು ಕೊಂಡಿಯಾಗಿಯೇ ಉಳಿಸುತ್ತವೆ, ಅದು ತೋರುವ ಕಡತವನ್ನಲ್ಲ. ವರ್ಷಗಟ್ಟಲೆ ಬ್ಯಾಕಪ್ ಇದೆ ಎಂದು ನಂಬಿಕೊಂಡ ಕಚೇರಿಯ ಬಳಿ ಇರುವುದು ಬರೀ ಚೀಟಿಗಳ ಕಂತೆಯಾಗಿರಬಹುದು. ಬ್ಯಾಕಪ್ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ ಒಂದು ನಡವಳಿಯನ್ನು ತಮ್ಮೆದುರಿಗೆ ತೆರೆದು ತೋರಿಸುವಂತೆ ಸದಸ್ಯರು ಕೇಳಬಹುದು. ಹತ್ತು ನಿಮಿಷದ ಕೆಲಸ.

ಉಳಿದ ಕಾರಣಗಳು ಅಪರೂಪ. ಒಂದು ಖಾತೆಯನ್ನು ಹೊಸ ಗುಂಪಿಗೆ ಸೇರಿಸಿದರೆ, ಆ ಬಳಕೆದಾರನು ಹೊರಬಂದು ಮತ್ತೆ ಪ್ರವೇಶಿಸುವವರೆಗೆ ಸದಸ್ಯತ್ವ ಜಾರಿಗೆ ಬರುವುದಿಲ್ಲ. ಒಂದು ಕೊಂಡಿ ಇನ್ನೊಂದನ್ನು, ಅದು ಮತ್ತೆ ಮೊದಲನೆಯದನ್ನು ತೋರುವಂತಾದರೆ ಲಿನಕ್ಸ್ 40 ಕೊಂಡಿಗಳ ಬಳಿಕ ಹುಡುಕಾಟ ನಿಲ್ಲಿಸಿ "ಕೊಂಡಿಗಳ ಹಂತಗಳು ವಿಪರೀತ" ಎಂದು ದೂರುತ್ತದೆ. "/ಟಿಎಂಪಿ" ಎಂಬ ಸಾರ್ವಜನಿಕ ತಾತ್ಕಾಲಿಕ ಕೋಶದಲ್ಲಿ ಒಬ್ಬರು ಇಟ್ಟ ಕೊಂಡಿಯನ್ನು ಇನ್ನೊಬ್ಬರು ಅನುಸರಿಸದಂತೆ 2012ರ ಲಿನಕ್ಸ್ 3.6ರಲ್ಲಿ ಒಂದು ತಡೆಯನ್ನು ಸೇರಿಸಲಾಗಿದೆ. ಮೋಸದ ಕೊಂಡಿಗಳನ್ನು ಅಲ್ಲಿ ಇಟ್ಟು ಆಡಳಿತಗಾರನ ಕೈಯಿಂದಲೇ ಬೇರೆ ಕಡತವನ್ನು ಹಾಳುಮಾಡಿಸುವ ತಂತ್ರವನ್ನು ತಡೆಯಲು ಇದು ಬಂದಿತು. ಈ ತಡೆ ಜಾರಿಯಲ್ಲಿದ್ದಾಗ ಮುಖ್ಯ ಆಡಳಿತಗಾರನ ಖಾತೆಗೂ ವಿನಾಯಿತಿ ಇಲ್ಲ. ಕಚೇರಿ ದಾಖಲೆಗಳಿಗೆ ಸಂಬಂಧಿಸಿದ ಕೊಂಡಿ ಆ ಕೋಶದಲ್ಲಿ ಇರಲೇಬಾರದು.

ಸರಿಪಡಿಸಿದ ಕ್ರಮ

ಮೇಲಿನ ಕಚೇರಿಯಲ್ಲಿ ಸುಲಭವಾದ ಒಂದು ದಾರಿ ಇತ್ತು: ಕಚೇರಿ ಕೋಶವನ್ನು 750ರಿಂದ 751ಕ್ಕೆ ಬದಲಾಯಿಸುವುದು. ಹಾಗೆ ಮಾಡಿದರೆ ಇತರರು ಆ ಕೋಶದ ಪಟ್ಟಿಯನ್ನು ನೋಡಲಾರರು, ಆದರೆ ಹಾದುಹೋಗಬಲ್ಲರು. ಕೊಂಡಿ ಅಂದೇ ಕೆಲಸ ಮಾಡುತ್ತಿತ್ತು. ನಾವು ಅದನ್ನು ಆಯ್ಕೆ ಮಾಡಲಿಲ್ಲ. ಕಚೇರಿ ಖಾತೆಯಲ್ಲಿ ನಡವಳಿಗಳಷ್ಟೇ ಇರಲಿಲ್ಲ. ಅರ್ಜಿದಾರರ ಆಧಾರ್ ಪ್ರತಿಗಳು, ಬ್ಯಾಂಕ್ ಖಾತೆಯ ವಿವರಗಳೂ ಇದ್ದವು. ಹೆಸರು ಊಹಿಸಬಲ್ಲವನು ಅವನ್ನೂ ತೆರೆಯಲು ಅವಕಾಶವಾಗುತ್ತಿತ್ತು.

ಗ್ರಾಮಸಭೆಯ ನಡವಳಿ ಸಾರ್ವಜನಿಕ ದಾಖಲೆ. 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಅರ್ಜಿ ಬಂದರೆ 30 ದಿನಗಳೊಳಗೆ ಕೊಡಬೇಕಾದಂಥದು. ಅದು ಖಾಸಗಿ ಕೋಶದೊಳಗೆ ಇದ್ದದ್ದೇ ಮೂಲ ತಪ್ಪು. ಆದ್ದರಿಂದ "/ಎಸ್‌ಆರ್‌ವಿ" ಎಂಬ ಸಾಮಾನ್ಯ ಕೋಶದ ಕೆಳಗೆ ನಡವಳಿ ಎಂಬ ಹೊಸ ಕೋಶವನ್ನು ತೆರೆದು, ಅದರ ಮಾಲೀಕತ್ವವನ್ನು ಕಚೇರಿ ಖಾತೆಗೆ ಕೊಟ್ಟು, ಕಡತಗಳನ್ನು ಅಲ್ಲಿಗೆ ಸಾಗಿಸಲಾಯಿತು. ಕೋಶಗಳಿಗೆ 755, ಕಡತಗಳಿಗೆ 644. ಎಲ್ಲರೂ ಓದಬಹುದು, ಕಚೇರಿ ಖಾತೆ ಮಾತ್ರ ತಿದ್ದಬಹುದು. ಕಚೇರಿ ಖಾತೆಯ ಸ್ವಂತ ಕೋಶಕ್ಕೆ ಮತ್ತೆ 750 ಕೊಡಲಾಯಿತು.

777 ಅನ್ನು ಹಿಂದಕ್ಕೆ ಪಡೆಯುವುದು ಅದನ್ನು ಕೊಟ್ಟಷ್ಟು ಸುಲಭವಾಗಿರಲಿಲ್ಲ. ಹಿಂದೆ ಯಾವ ಕಡತಕ್ಕೆ ಯಾವ ಅನುಮತಿ ಇತ್ತೆಂಬುದನ್ನು ವ್ಯವಸ್ಥೆ ನೆನಪಿಟ್ಟುಕೊಳ್ಳುವುದಿಲ್ಲ. ಎಲ್ಲಕ್ಕೂ ಒಟ್ಟಿಗೆ 644 ಎಂದು ಆದೇಶಿಸಿದರೆ ಕೋಶಗಳ ಪ್ರವೇಶವೂ ಹೋಗಿ ಮಾಲೀಕನೇ ಹೊರಗುಳಿಯುತ್ತಾನೆ. "ಫೈಂಡ್" ಆದೇಶದಿಂದ ಕೋಶಗಳನ್ನು ಮತ್ತು ಕಡತಗಳನ್ನು ಬೇರ್ಪಡಿಸಿ, ಎರಡಕ್ಕೂ ಪ್ರತ್ಯೇಕವಾಗಿ ಅನುಮತಿ ನೀಡಬೇಕಾಯಿತು.

ಕೊಂಡಿಯನ್ನು ಹೊಸ ವಿಳಾಸಕ್ಕೆ ತಿರುಗಿಸಲು "ಎಲ್‌ಎನ್ -ಎಸ್‌ಎಫ್‌ಎನ್" ಎಂದು ಬರೆಯಬೇಕು. ಇಲ್ಲಿ ಕೊನೆಯ "ಎನ್" ಅನ್ನು ಮರೆತರೆ ಹಳೆಯ ಕೊಂಡಿ ಹಾಗೆಯೇ ಉಳಿದು, ಅದು ತೋರುವ ಹಳೆಯ ಕೋಶದೊಳಗೆ ಮತ್ತೊಂದು ಕೊಂಡಿ ಹುಟ್ಟಿಕೊಳ್ಳುತ್ತದೆ. ನಾವೂ ಮೊದಲ ಸಲ ಮರೆತೆವು. ಕೊನೆಯಲ್ಲಿ ವೀಕ್ಷಣೆ ಖಾತೆಯಿಂದ ಪ್ರವೇಶಿಸಿ ಎರಡು ಪರೀಕ್ಷೆ ಮಾಡಲಾಯಿತು: ನಡವಳಿ ತೆರೆಯುತ್ತದೆಯೇ, ಮತ್ತು ಅದನ್ನು ತಿದ್ದಿ ಉಳಿಸಲು ಹೋದರೆ ನಿರಾಕರಣೆ ಬರುತ್ತದೆಯೇ. ಎರಡನೆಯ ಪರೀಕ್ಷೆಯನ್ನು ಸಾಮಾನ್ಯವಾಗಿ ಯಾರೂ ಮಾಡುವುದಿಲ್ಲ.

ಆ ನಡುವಿನ ಆರು ದಿನಗಳು

ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟ ದಿನಕ್ಕೂ ಅದನ್ನು ಹಿಂಪಡೆದ ದಿನಕ್ಕೂ ನಡುವೆ ಆರು ದಿನ ಕಳೆದಿದ್ದವು. ಆ ಅವಧಿಯಲ್ಲಿ ವೀಕ್ಷಣೆ ಖಾತೆಯನ್ನು ಎಷ್ಟು ಮಂದಿ ಬಳಸಿದರೆಂಬ ಲೆಕ್ಕ ಇರಲಿಲ್ಲ. ಕಡತಗಳ ದಿನಾಂಕಗಳನ್ನು ಪರಿಶೀಲಿಸಿದಾಗ ವಸತಿ ಫಲಾನುಭವಿಗಳ ಪಟ್ಟಿಯ ಕಡತ ಆ ಆರು ದಿನಗಳಲ್ಲಿ ಒಂದು ಸಂಜೆ ಬದಲಾಗಿತ್ತು. ಯುನಿಕ್ಸ್ ಮಾದರಿಯ ವ್ಯವಸ್ಥೆಯು ಕಡತ ಯಾವಾಗ ಬದಲಾಯಿತು ಎಂಬುದನ್ನು ಬರೆದಿಡುತ್ತದೆ, ಯಾರು ಬದಲಾಯಿಸಿದರು ಎಂಬುದನ್ನಲ್ಲ. ಮಾಲೀಕನ ಹೆಸರಿನ ಜಾಗದಲ್ಲಿ ಕಚೇರಿ ಎಂದೇ ಇತ್ತು. ಯಾರೋ ಕುತೂಹಲದಿಂದ ತೆರೆದು ಅರಿಯದೆ ಕೀಲಿ ಒತ್ತಿದರೋ, ಉದ್ದೇಶಪೂರ್ವಕವಾಗಿ ಮಾಡಿದರೋ, ಹೇಳುವ ದಾರಿಯೇ ಉಳಿದಿರಲಿಲ್ಲ. ಸಂಶಯ ಮಾತ್ರ ಸಿಬ್ಬಂದಿಯ ಮೇಲೆ ಬಂದಿತು.

ಹಳೆಯ ಯಂತ್ರದ ಡಿಸ್ಕನ್ನು ಅದೃಷ್ಟವಶಾತ್ ಇನ್ನೂ ವಿಲೇವಾರಿ ಮಾಡಿರಲಿಲ್ಲ. ಅದರಲ್ಲಿದ್ದ ಪಟ್ಟಿಯನ್ನು ಹೊಸದರೊಂದಿಗೆ, ಎರಡನ್ನೂ ಕೈಬರಹದ ನಡವಳಿ ಪುಸ್ತಕದೊಂದಿಗೆ, ಅಧ್ಯಕ್ಷರೂ ಇಬ್ಬರು ಸದಸ್ಯರೂ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೂ ಕುಳಿತು ಸಾಲುಸಾಲಾಗಿ ಹೋಲಿಸಿದರು. ಎರಡು ಮಧ್ಯಾಹ್ನ ಬೇಕಾದವು. ಒಂದು ಸಾಲಿನಲ್ಲಿ ತಂದೆಯ ಹೆಸರು ಅಳಿದಿತ್ತು, ಉಳಿದದ್ದು ಸರಿಯಾಗಿತ್ತು. ಹಳೆಯ ಪ್ರತಿಯಿಂದ ಅದನ್ನು ತುಂಬಿ, ನಡೆದ ಸಂಗತಿಯನ್ನು ದಿನಾಂಕ ಸಹಿತ ಒಂದು ಪುಟದಲ್ಲಿ ದಾಖಲಿಸಿ ಎಲ್ಲರೂ ಸಹಿ ಮಾಡಿದರು. ವೃದ್ಧೆಯ ಹೆಸರಿದ್ದ ಸಾಲಿಗೆ ಏನೂ ಆಗಿರಲಿಲ್ಲ. ಆದರೂ ಅವರಿಗೆ ಕೊಟ್ಟ ದೃಢೀಕೃತ ನಕಲನ್ನು ಗಣಕಯಂತ್ರದಿಂದ ತೆಗೆಯದೆ ಕೈಬರಹದ ಪುಸ್ತಕದಿಂದಲೇ ತೆಗೆಯಲಾಯಿತು, ಮತ್ತು ಈ ಬಾರಿ ಅದನ್ನು ಅವರ ಮನೆಗೇ ತಲುಪಿಸಲಾಯಿತು.